ಭಟ್ಟಿಯ ಮುಂದಿನ ಬೆಂಚು

ಬೆಂಚಿನ ಆ ತುದಿಗೆ ಕೊಟ್ರಬಸಪ್ಪ, ಮುಚ್ಚಿದ ಮಿಲ್ಲಿನ ಫಿಟ್ಟರು.
ಈ ತುದಿಗೆ ಬಿಂದುಶ್ರೀ,
ಸೆಬು ದ್ವೀಪದಲ್ಲಿ ಡಾಕ್ಟರಿಕೆ ಓದಿ ಬಂದು
ಇಲ್ಲಿಯ ಪರೀಕ್ಷೆಗೆ ಮತ್ತೆ ಓದುತ್ತಿರುವವಳು.
ನಡುವೆ ಒಂದು ಸೇರು ಮಂಡಕ್ಕಿ, ನಾಲ್ಕು ಮೆಣಸಿನಕಾಯಿ.
ಒಳಗೆ ನಾನು, ಮರಳು, ಬೆಂಕಿ.

ಮಗ್ಗ ಕೂಡಿಸಲು ಬಂದ ಚೆಕ್ ದೇಶದ ವಾತ್ಸ್ಲಾವ್
ಮಿಲ್ಲಿನವರ ಬಾಯಲ್ಲಿ ವಾಸಪ್ಪನಾದ.
ಹದಿನಾಲ್ಕು ತಿಂಗಳು ಅವನ ಪಾನಾ ಹಿಡಿದು ನಿಂತ ಕೊಟ್ರಬಸಪ್ಪನಿಗೆ
ಮೊದಲು ದಕ್ಕಿದ ಮಾತು ಪ್ರ್‌ಸ್ತ್:
ಬೆರಳು. ಹುಷಾರು ಅಂತ.
ಆಮೇಲೆ ಕ್ರ್‌ಕ್, ಕುತ್ತಿಗೆ. ವ್ಲ್‌ಕ್, ತೋಳ.
"ಒಂದಕ್ಕೂ ಸ್ವರವಿಲ್ಲ ನೋಡವ್ವ.
ನಾವು ಬೋಲ್ಟಿಗೂ ನಟ್ಟಿಗೂ ಬಾಲ ಹಚ್ಚುವ ಮಂದಿ.
ಅವರು ಮಾಂಸ ಬಿಟ್ಟು ಎಲುಬು ಮಾತಾಡ್ತಾರೆ.
ಸಾವಿಗೆ ಸ್ಮ್ರ್‌ತ್. ಮೃತ್ಯು ಅಂತ ಕೇಳಲ್ವಾ?
ನಮ್ಮ ವರ್ಣಮಾಲೆಯಲ್ಲಿ ಮಲಗಿರೋ ಋ
ಅಲ್ಲಿ ದಿನಾ ಶಿಫ್ಟಿಗೆ ಹೋಗುತ್ತೆ."

ಅವಳು ನಕ್ಕಳು.
"ನಮ್ಮ ದ್ವೀಪದ ಹಳಬರಿಗೆ ಮೂರೇ ಸ್ವರ ಸಾಕಿತ್ತು.
ನೀರಿಗೆ ತುಬಿಗ್, ಮಳೆಗೆ ಉಲಾನ್, ಕಲ್ಲಿಗೆ ಬಾತೋ.
ಬಾಯಿ ತೆರೆದರಾಯ್ತು, ಉಳಿದದ್ದು ಗಾಳಿ ನೋಡಿಕೊಳ್ಳುತ್ತೆ.
ಮೊದಲ ದಿನ ಬಾಗಿಲಲ್ಲಿ ಯಾರೋ ಆಯೋ! ಅಂದರು.
ಯಾರು ಹೋದರೋ ಅಂತ ಬರಿಗಾಲಲ್ಲಿ ಓಡಿದೆ.
ತಟ್ಟೆ ಹಿಡಿದು ಪಕ್ಕದ ಮನೆಯ ಲೂರ್ದೆಸ್ ನಿಂತಿದ್ದಳು.
ಒಳಗೆ ಬರಲಾ ಅಂತ ಕೇಳೋದೇ ಹಾಗಂತೆ."

"ವಾಸಪ್ಪ ಬೆಳಿಗ್ಗೆ ಬಂದವನೇ ಅಹೋಯ್ ಅಂತಿದ್ದ.
ಹಡಗಿನವರ ಕೂಗದು.
ಅವರ ದೇಶಕ್ಕೋ ಸಮುದ್ರವೇ ಇಲ್ಲ."
ಮೂವರೂ ಸುಮ್ಮನಾದೆವು.
ನಮಗೂ ಇಲ್ಲ. ಕುಂದವಾಡ ಕೆರೆ ಇದೆ.

ಅವರದೊಂದು ರ ಇದೆಯಂತೆ,
ರ ಅಂದರೆ ರ ಅಲ್ಲ, ಝ ಅಂದರೆ ಝ ಅಲ್ಲ.
ವರ್ಷ ದಾಟಿದರೂ ಕೊಟ್ರಬಸಪ್ಪನ ನಾಲಿಗೆಗೆ ಹತ್ತಲಿಲ್ಲ.
ಆಗಲೇ ನಾನು ಕಾದ ಮರಳಿಗೆ ಅಕ್ಕಿ ಸುರಿದದ್ದು.
ಅವನು ಬೆಂಚು ಬಿಟ್ಟೆದ್ದ:
"ಬುಡೇನ್ ಸಾಬ್ರೇ, ಅದೇ! ಅದೇ ರ!"
ಮೂವತ್ತು ವರ್ಷದಿಂದ ನನ್ನ ಬಾಣಲೆ ಚೆಕ್ ಮಾತಾಡುತ್ತಿತ್ತು,
ನನಗೆ ಗೊತ್ತಿಲ್ಲದೆ.

ಆಮೇಲೆ ಮನೆ.
ಚಿಕ್ಕ ಮನೆಗೆ ಅವರು ಹೆಸರಿನ ಬೆನ್ನಿಗೆ ಬಾಲ ಕಟ್ಟಿ ದೊಮೆಚೆಕ್ ಅಂತಾರೆ.
ಇವರು ಮನೆಯನ್ನೇ ಎರಡು ಸಲ ಕರೆದು ಬಲಾಯ್-ಬಲಾಯ್.
ಮನೆ ಮನೆ ಆಟ, ಅಂದೆ ನಾನು ಒಳಗಿಂದ.
"ಅದೇ ಚಾಚಾ, ಅಚ್ಚು ಅದೇ!"

"ದಿಲಿ ಅಂದರೆ ಅಲ್ಲ, ವಲಾ ಅಂದರೆ ಇಲ್ಲ.
ಅಲ್ಲ, ಇಲ್ಲ ಎರಡನ್ನೂ ಬೇರೆ ಇಟ್ಟುಕೊಂಡವರು ಅಷ್ಟು ದೂರ ಇದ್ದಾರಲ್ಲ
ಅಂತ ಹಾಸ್ಟೆಲಿನಲ್ಲಿ ಅವತ್ತು ಅತ್ತುಬಿಟ್ಟೆ."
"ವಾಸಪ್ಪಂದು ಒಂದೇ ನೆ.
ಯಾವ ಕೆಲಸದ ತಲೆಗಾದರೂ ಬಡಿದರೆ ಮುಗೀತು."
ಬಜ್ಜಿ ಮುರಿಯುತ್ತ ಅಂದ:
"ನಾವು ದಿನಕ್ಕೆ ಮೂರು ಶಿಫ್ಟು ಓಡಿಸ್ತಿದ್ವಿ."

"ಕಿತಾನಾ, ಕಾಮಿನಾ?"
ಅವನಿಗೆ ತಿಳಿಯಲಿಲ್ಲ.
ಎದುರಿಗಿರುವವರನ್ನೂ ಸೇರಿಸಿ ನಾವು ಅಂದರೆ ಕಿತಾ,
ಅವರನ್ನು ಬಿಟ್ಟು ನಾವು ಅಂದರೆ ಕಾಮಿ.
ಕೊಟ್ರಬಸಪ್ಪ ಬಜ್ಜಿ ಕೆಳಗಿಟ್ಟ.
ವಾಸಪ್ಪ ಒಳಗೋ ಹೊರಗೋ?
ಬೀಗ ಹಾಕಿದ ದಿನ ಗೇಟಿನಾಚೆ ನಿಂತವರು?
ಆ ಗೇಟಿಗೇ ಮಂಡಕ್ಕಿ ಹೊತ್ತ ನನ್ನ ಅಪ್ಪ?
ನಮ್ಮ ಮನೆಮಾತಿನಲ್ಲಿ ಎಲ್ಲರೂ ಸೇರಿದರೆ ಅಪನ್,
ನಾವಷ್ಟೇ ಆದರೆ ಹಮೇ.
ನಾನು ಬಾಯಿ ಬಿಡಲಿಲ್ಲ.

"ಕನ್ನಡದಾಗೆ ನಾವು ಅಂದ್ರೆ ನಾವು ಕಣವ್ವ,"
ಅಂತ ಅವನು ಜರುಗಿ, ನಡುವೆ ಗೇಣು ಜಾಗ ಮಾಡಿ,
ನನ್ನ ಕಡೆ ನೋಡಿದ.
ಕೈಯ ಮರಳು ಕೊಡವಿ ಹೋಗಿ ಕೂತೆ.

ಒಳಗೆ ಆ ರ ನಿಂತಿತ್ತು.
ಸೀದ ವಾಸನೆ ಬಂದಾಗಲೇ ಗೊತ್ತಾಗಿದ್ದು.