ಖಾಲಿಗೆ ಕೊಟ್ಟ ದುಡ್ಡು

ಹದಿನೆಂಟು ವರ್ಷ ಹಾಸನದ ಆಲೂಗಡ್ಡೆ ಮಂಡಿಯಲ್ಲಿ
ಚೀಲ ತೂಗಿಸಿದ ಕೈ ಇದು.
ಮುಳ್ಳು ನಿಲ್ಲುವ ಮೊದಲೇ ಹೇಳಬಲ್ಲೆ,
ನಲವತ್ತೊಂಬತ್ತೂವರೆ,
ಮಣ್ಣು ಕಳೆದರೆ ನಲವತ್ತೆಂಟು.

ಹಾಗಾಗಿ ಸಂತೇಪೇಟೆಯ ಇನಾಯತ್ ಅಂಗಡಿಯಲ್ಲಿ
ಅಂಗೈಗೊಂದರಂತೆ ಎರಡು ಅಡಾಪ್ಟರ್ ಇಟ್ಟುಕೊಂಡು
ಕಣ್ಣು ಮುಚ್ಚಿದೆ.
ಎಂಬತ್ತು ರೂಪಾಯಿಯದು ಘನವಾಗಿತ್ತು.
ಮುನ್ನೂರ ನಲವತ್ತರದು ಒಣಗಿದ ಅವರೆಕಾಯಿ.
ಇದೇ ಕೊಡಿ ಅಂದೆ, ಭಾರದ್ದನ್ನು ಎತ್ತಿ.

ಅವನು ಕೊಡಲಿಲ್ಲ.
ಏನಕ್ಕೆ, ಅಂದ.

ಅಕ್ಕನಿಗೆ. ನಿಂಗಾಜಮ್ಮನಿಗೆ ಕಿವಿ ಕೇಳದು.
ರಾತ್ರಿ ಲೋಡು ಮುಗಿಸಿ ಬಂದು
ಕಿಟಕಿ ಸಂದಿಯಲ್ಲಿ ಟಾರ್ಚು ಆಡಿಸಿದರೆ
ಎದುರುಮನೆ ನಾಯಿಗೆ ಎಚ್ಚರ, ಅವಳಿಗಿಲ್ಲ.
ಅದಕ್ಕೇ, ಒತ್ತಿದರೆ ಬೆಳಗುವ ಕರೆಗಂಟೆ.
ಬೆಸುಗೆ ನನ್ನದೇ, ಕೈ ಸುಟ್ಟುಕೊಂಡದ್ದೂ.
ತಲೆದಿಂಬಿನ ಮೇಲೆ ಗೋಡೆಗೆ ಮೊಳದುದ್ದ ಪಟ್ಟಿದೀಪ,
ಹನ್ನೆರಡು ವೋಲ್ಟು, ಮುಕ್ಕಾಲು ಆಂಪಿಯರ್.

"ಅವರು ಮುಟ್ತಾರಾ?"

ಮುಟ್ಟದೆ ಬಿಡುವವಳಲ್ಲ. ಮುಸುರೆ ಕೈಯಲ್ಲೇ ಬಂದು
ಧೂಳು ಒರೆಸುತ್ತಾಳೆ.

ಇನಾಯತ್ ಸ್ಕ್ರೂಡ್ರೈವರ್ ತೂರಿಸಿ
ಎಂಬತ್ತು ರೂಪಾಯಿಯ ಹೊಟ್ಟೆ ಸೀಳಿದ.
ಒಳಗೆ, ಅಂಟು ಬಳಿದು ಕೂರಿಸಿದ
ಒಂದು ತುಂಡು ಕಬ್ಬಿಣ.
ಯಾವ ತಂತಿಯೂ ಅದನ್ನು ಮಾತಾಡಿಸಿರಲಿಲ್ಲ.

ನನ್ನ ಮುಖ ಬಿಸಿಯಾಯಿತು.
ಚೀಲದ ತಳದ ಕಲ್ಲು ಹಿಡಿದೆತ್ತಿ ತೋರಿಸಿ
ಎಷ್ಟು ಜನರ ಮರ್ಯಾದೆ ತೆಗೆದಿದ್ದೇನೆ ನಾನು,
ಎಲ್ಲರೆದುರು.

"ಅದಿರ್ಲಿ, ಇಲ್ಲಿ ನೋಡಿ.
ಗೋಡೆಯಿಂದ ಬರೋ ಇನ್ನೂರ ಮೂವತ್ತು ಈ ಕಡೆ,
ನಿಮ್ಮ ಹನ್ನೆರಡು ಆ ಕಡೆ,
ನಡುವೆ ಕೂದಲೆಳೆ.
ಒಂದು ಹನಿ ತೇವ ಸಾಕು, ದಾಟಿಬಿಡುತ್ತೆ."

ಆಮೇಲೆ ಡ್ರಾಯರಿನಿಂದ ಇನ್ನೊಂದು, ಸತ್ತು ಬಿದ್ದದ್ದು,
ಮುನ್ನೂರ ನಲವತ್ತರದೇ ಒಡಹುಟ್ಟು.
ಅದರ ಹಸಿರು ಹಲಗೆಯ ನಡುವೆ
ಕಿರುಬೆರಳು ಮಲಗುವಷ್ಟು ಬಯಲು,
ಬೇಕೆಂದೇ ಕೊಯ್ದು ಬಿಟ್ಟ ಗಂಡಿ.
"ನೀವು ದುಡ್ಡು ಕೊಡೋದು ಈ ಖಾಲಿಗೆ ಸಾರ್."

ವೋಲ್ಟು ಮಾತ್ರ ಅಷ್ಟಕ್ಕಷ್ಟೇ ಇರಬೇಕಂತೆ.
ಆಂಪಿಯರ್ ಎರಡಿದ್ದರೂ ಚಿಂತೆಯಿಲ್ಲ,
ಲಾರಿ ದೊಡ್ಡದಾಯಿತೆಂದು ಚೀಲ ಹುಟ್ಟಿಕೊಳ್ಳುತ್ತವೆಯೇ.
ಗುರುತು ಯಾರು ಬೇಕಾದರೂ ಅಚ್ಚು ಹಾಕುತ್ತಾರೆಂದು
ಬಿಐಎಸ್ ನಂಬರನ್ನು ಮೊಬೈಲಿಗೆ ಹೊಡೆದ.
ಕಂಪನಿಯ ಹೆಸರು ಬಂತು.
ಮುರಿದ ಬಳೆ, ಒಳಗೊಂದು ಚುಕ್ಕಿ,
ಚುಕ್ಕಿಗೆ ಕೂಡುವ ಗುರುತು ಇದೆಯೇ ಎಂದು ಎರಡು ಸಲ ನೋಡಿದ.

ಒಂದು ಗಂಟೆ ಉರಿಸಿ ಮುಟ್ಟಿ ನೋಡಿ,
ಹಿಡಿಯಲಾಗದಷ್ಟು ಸುಟ್ಟರೆ ವಾಪಸ್ ತನ್ನಿ, ಅಂದಿದ್ದ.
ನನ್ನ ಕೈಯನ್ನು ನಾನು ನಂಬಲಿಲ್ಲ.
ಅಕ್ಕನ ಅಂಗೈ ಎಳೆದು ಅದರ ಮೇಲಿಟ್ಟೆ.
ಯೋಚಿಸಿದಳು.
ಐದು ಬೆರಳು ಗುಂಡಗೆ ಮಾಡಿ
ಕುಕ್ಕರಗಾಲಲ್ಲಿ ಕೂತು, ಕೋಳಿಯಂತೆ ಕತ್ತು ಕುಣಿಸಿ ನಕ್ಕಳು:
ಆಗ ತಾನೇ ಇಟ್ಟ ಮೊಟ್ಟೆ.

ಹೊರಗೆ ಹೋಗಿ, ಕದ ಎಳೆದುಕೊಂಡು,
ಅವಳು ಅಗುಳಿ ಹಾಕುವ ತನಕ ಕಾದು,
ಗುಂಡಿ ಒತ್ತಿದೆ.

ಅಗುಳಿ ಸರಿಯಿತು.
ನಾಯಿ ಮಲಗಿಯೇ ಇತ್ತು.