ಆರನೆಯ ಮೂಲ

ಶಾಲೆಯ ತಾರಸಿಯ ಮೇಲೆ ಇಪ್ಪತ್ನಾಲ್ಕು ತಾಸು
ಗಾಳಿ ಹೀರುತ್ತ ಕೂತಿರುತ್ತದೆ ಯಂತ್ರ.
ಅದರ ಬಾಯೊಳಗೆ ಅಂಗೈಗಿಂತ ಚಿಕ್ಕ ಬಿಳಿ ಕಾಗದ.
ಬೆಳಿಗ್ಗೆ ಚಿಮಟದಿಂದ ಎತ್ತಿದರೆ
ಒಮ್ಮೊಮ್ಮೆ ಚಹಾದ ಬಣ್ಣ, ಒಮ್ಮೊಮ್ಮೆ ಕೆಮ್ಮಣ್ಣು,
ಮೀನುಗಾರಿಕೆ ನಿಂತ ತಿಂಗಳಲ್ಲಿ ಹೆಚ್ಚುಕಮ್ಮಿ ಬಿಳಿ.

ಏಣಿ ಹಿಡಿಯುವವ ರೋಹಿದಾಸ ಬಾನಾವಳಿ.
"ಇಡೀ ಬೈತಖೋಲ ಅಂದ್ರೆ ಇಷ್ಟೇಯಾ?" ಎಂದು ನಗುತ್ತಾನೆ.
ಇಷ್ಟೇ. ಇದನ್ನು ಒಯ್ದು, ತೂಗಿ,
ಒಳಗಿನ ಒಂದೊಂದು ಧಾತುವನ್ನೂ ಕರೆದು ಕೇಳಬೇಕು:
ಯಾರ ಮನೆಯವ ನೀನು?

ಸೋಡಿಯಂ ಕಡಲಿನದು, ಕೇಳುವುದೇ ಬೇಡ.
ಕಬ್ಬಿಣ ಬಂದರಿನ ಅದಿರಿನ ರಾಶಿಯದು,
ವನೇಡಿಯಂ ಹಡಗಿನ ಎಣ್ಣೆಯ ಕೂಸು,
ಸುಣ್ಣದಂಶ ಹೆದ್ದಾರಿ ಅಗೆತದ್ದು,
ಪೊಟ್ಯಾಸಿಯಂ, ಎಲ್ಲಿ ಕಟ್ಟಿಗೆ ಸುಟ್ಟರೆ ಅಲ್ಲಿಯದು.
ಆಮೇಲೂ ಒಂದು ಉಳಿಯಿತು, ಆರನೆಯದು:
ಒಂದೇ ರಾತ್ರಿ, ಫೆಬ್ರುವರಿ ಹನ್ನೊಂದು,
ಕಟ್ಟಿಗೆ ಹೊಗೆಯ ಕೈಹಿಡಿದು ಬಂದ ತಾಮ್ರ.
ಮಾದರಿಯನ್ನು ಮೂರು ಸಲ ಓಡಿಸಿದೆ. ಮೂರು ಸಲವೂ ತಾಮ್ರ.
ಐದೇ ಸಾಕು ಎಂದೆ ಅದಕ್ಕೆ.
ಆ ಹೊಗೆ ಒಲೆಗಳ ಲೆಕ್ಕಕ್ಕೆ ಸೇರಿತು,
ಕೋಷ್ಟಕ ಚೆಂದವಾಯಿತು.

ಸಭೆಯಲ್ಲಿ ಸಾಹೇಬರಿಗೆ ಅವಸರ.
"ಶೇಕಡಾವಾರು ಇರಲಿ, ಮೊದಲು ಯಾರನ್ನು ಹಿಡಿಯೋಣ ಹೇಳಿ."
ಕಡಲಿಗೆ ನೋಟಿಸು ಕೊಡಲಾಗದು.
ಹಡಗಿನ ಬಾವುಟ ಯಾವುದೋ ದೇಶದ್ದು.
ಹೆದ್ದಾರಿಯವರು ದಿಲ್ಲಿಗೆ ಮಾತ್ರ ಉತ್ತರ ಕೊಡುವವರು.
ಅದಿರಿಗೆ ಹೊದಿಕೆ? ಮುಂದಿನ ಬಜೆಟ್ಟಿನಲ್ಲಿ ನೋಡೋಣ.
ಉಳಿದದ್ದು ನೂರಕ್ಕೆ ಹನ್ನೊಂದು,
ದಡದಲ್ಲಿ ಶೆಟ್ಲಿ ಬೇಯಿಸಿ ಒಣಗಿಸುವ ಹೆಂಗಸರ ಒಲೆ.
ಆದೇಶ ಅದೇ ಸಂಜೆ ಹೊರಟಿತು,
ಆಧಾರವೆಂದು ಕೆಳಗೆ ನನ್ನ ಕೋಷ್ಟಕ, ನನ್ನ ಸಹಿ.

ಮರುವಾರ ರೋಹಿದಾಸ ಏಣಿ ಹಿಡಿದ, ನಗಲಿಲ್ಲ.
ಅವನ ಅತ್ತಿಗೆಯ ಒಲೆಯನ್ನೂ ಕಿತ್ತಿದ್ದರು.
ಏನು ಮಾತಾಡಲೂ ತೋಚದೆ
ಆ ರಾತ್ರಿಯ ತಾಮ್ರದ ವಿಷಯ ಕೇಳಿದೆ.
"ಹನ್ನೊಂದಕ್ಕಾ? ಅವತ್ತು ನಮ್ಮ ಹೋಡಿ ಸುಟ್ಟದ್ದು.
ಅಜ್ಜ ಕಟ್ಟಿಸಿದ್ದು. ಹಲಗೆ ಪೂರಾ ಲಡ್ಡಾಗಿತ್ತು.
ಸುಟ್ಟರೆ ಮೊಳೆ ಸಿಗ್ತದೆ, ತಾಮ್ರದ್ದು, ಗುಜರಿಯಲ್ಲಿ ರೇಟು ಉಂಟು.
ಬೆಳಗಾಗೂವರೆಗೆ ಬೂದಿ ಕೆದಕ್ತಾ ಕೂತಿದ್ವು, ನಾನೂ ತಮ್ಮನೂ."
ಬೀಗದಕೈ ಗೊಂಚಲಿನಿಂದ ಒಂದನ್ನು ಬಿಡಿಸಿ ಕೊಟ್ಟ,
ತುದಿ ಬಾಗಿದ್ದು, ಕಪ್ಪು.
"ಎಲ್ಲಾ ಮಾರ್ಲಿಲ್ಲ."

ಪ್ರಯೋಗಾಲಯದಲ್ಲಿ, ಸುಮ್ಮನೆ,
ಸೂಕ್ಷ್ಮ ತಕ್ಕಡಿಯ ಮೇಲಿಟ್ಟೆ.
ಕಣ್ಣಿಗೆ ಕಾಣದ ಧೂಳನ್ನೂ ತೂಗುವ ತಕ್ಕಡಿ
ಭಾರ ಮೀರಿತೆಂದು ಕೂಗಿಕೊಂಡಿತು.

ಮಾದರಿಯನ್ನು ಮತ್ತೆ ಆರಕ್ಕೆ ಬಿಚ್ಚಿದೆ.
ಹೆಸರಿನ ಕಾಲಂನಲ್ಲಿ 'ಹೋಡಿ' ಎಂದು ಬರೆದೆ.
ಒಲೆಗಳ ಪಾಲು, ಹನ್ನೊಂದಿದ್ದದ್ದು, ಹತ್ತೂವರೆ.
ಆ ಅರ್ಧವನ್ನು ಟಪಾಲಿನಲ್ಲಿ ಕಳಿಸಿದ್ದೇನೆ.
ಸ್ವೀಕೃತಿ ಬಂದಿದೆ, ಸೀಲು ಒತ್ತಿ.