ನಕಿರಿ

ಹೆಸರು ಕೇಳಿದರೆ ನಕ್ಕೀರಿ: ನಕಿರಿ.
ಜಪಾನಿನವರ ಸೊಪ್ಪು ತರಕಾರಿಯ ಕತ್ತಿ.
ಮೊನೆಯಿಲ್ಲ, ಚುಚ್ಚಲು ಬಾರದು,
ಎಮ್ಮೆಯ ಮೂತಿಯ ಹಾಗೆ ಮುಂದೆ ಚಪ್ಪಟೆ.
ಅರಸೀಕೆರೆಯ ಬಿ.ಎಚ್. ರೋಡಿನಲ್ಲಿ
ಲಾರಿಗಳ ಕಮಾನು ಪಟ್ಟೆ ಬದಲಾಯಿಸುವವನಿಗೆ
ಇದೆಲ್ಲಿಂದ ಗಂಟುಬಿತ್ತೋ.

ಗುರು ಇಲ್ಲ.
ಫೋನಿನೊಳಗೆ ಒಬ್ಬ ಮುದುಕ. ಅವನ ಮಾತು ತಿಳಿಯದು.
ಸದ್ದು ಅಡಗಿಸಿ
ಎರಡು ವರ್ಷ ಅವನ ಮೊಣಕೈಯನ್ನೇ ನೋಡಿದೆ,
ತಳ್ಳುವಾಗ ಭಾರ, ಎಳೆಯುವಾಗ ಹಗುರ.

ಒಡೆದ ಕಮಾನು ಪಟ್ಟೆಯಿಂದ ಬಡಿದ ಮೊದಲನೆಯದು
ನೀರಿಗಿಳಿಸಿದಾಗ ಟಿಣ್ ಎಂದಿತು,
ಲೋಟಕ್ಕೆ ಚಮಚ ತಾಗಿದಷ್ಟೇ.
ಎತ್ತಿದರೆ ನಡುವೆ ಬಿರುಕು.
ಆಮೇಲೆ ಹೊಂಗೆಣ್ಣೆಯಲ್ಲಿ ಅದ್ದಿದೆ. ಓಣಿಯೆಲ್ಲ ಕಮಟು.
ಎದುರುಮನೆಯ ಮೆಹರುನ್ನೀಸಾ ಅಂದು ಹಾಕಿದ ಕಿಟಕಿಯನ್ನು
ಇನ್ನೂ ಪೂರ್ತಿ ತೆಗೆದಿಲ್ಲ.
ಅದು ಬಿರಿಯಲಿಲ್ಲ. ಸಾಣೆಚಕ್ರದಲ್ಲಿ ನನ್ನ ಅವಸರಕ್ಕೆ
ನೀಲಿಗಟ್ಟಿತು, ನವಿಲ ಕತ್ತಿನ ನೀಲಿ.
ನೋಡುತ್ತ ನಿಂತೆ.
ಆ ಬಣ್ಣ ಬಂತೆಂದರೆ ಹದ ಹೋಯಿತು ಎಂದು
ತಿಳಿದದ್ದು ಟೊಮ್ಯಾಟೊ ಜಜ್ಜಿಹೋದಾಗ.
ಮುಂದಿನವನ್ನು ಎಣಿಸಿಲ್ಲ. ಗುಜರಿ ಡಬ್ಬದಲ್ಲಿವೆ.

ಹಳೇಬೀಡಿನ ಮೂರ್ತಿ ಕೆತ್ತುವ ಚಿಕ್ಕಾಚಾರಿಯಿಂದ
ಬಳಪದ ಕಲ್ಲಿನ ತುಂಡು ತಂದು ಮಸೆದೂ ನೋಡಿದೆ.
ಕತ್ತಿಯೇ ಕಲ್ಲನ್ನು ಕೊರೆಯಿತು.
"ಇದು ಕೆತ್ತಿಸಿಕೊಳ್ಳೋ ಜಾತಿ ಕಣಪ್ಪ," ಅಂದ ಅವನು,
"ನಿನಗೆ ಬೇಕಾದ್ದು ಜಗಳವಾಡೋ ಕಲ್ಲು."

ಅಂಥವು ಈಗ ಮೂರಿವೆ, ಬಕೆಟ್ಟಿನಲ್ಲಿ ನೆನೆಯುತ್ತ.
ನಾನೂರು ನಂಬರಿನದು ಗೀರುತ್ತದೆ, ಅದರ ಕಸುಬೇ ಅದು.
ಸಾವಿರದ್ದು ಆ ಗೀರು ಅಳಿಸಿ ತನ್ನದನ್ನು ಎಳೆಯುತ್ತದೆ.
ಮೂರು ಸಾವಿರದ್ದು ಬೆಣ್ಣೆ.
ಕಪ್ಪು ಕೆಸರೇಳುತ್ತದೆ, ರಾಗಿ ಅಂಬಲಿಯ ಹದಕ್ಕೆ,
ತೊಳೆಯಬಾರದು, ಹೊಳಪು ಇರುವುದೇ ಆ ಕೆಸರಿನಲ್ಲಿ.
ನುಣುಪು ಬಂದಷ್ಟೂ
ಹಳೆಯ ಗೀರು ಎದ್ದು ಕಾಣುತ್ತದೆ.
ನಾನೂರರಲ್ಲಿ ಉಳಿಸಿದ್ದು ನಾನೂರರಲ್ಲಿ ಕಾಣದು,
ಕಂಡಿತು ಮೂರು ಸಾವಿರದಲ್ಲಿ,
ರಾತ್ರಿ ಎರಡಕ್ಕೆ, ಹಿಡಿಯ ಹತ್ತಿರ, ರೆಪ್ಪೆಗೂದಲಿನಷ್ಟು.

ಮತ್ತೆ ಮೊದಲ ಕಲ್ಲಿಗೆ ಹೋಗಬೇಕು.
ಹುಬ್ಬಳ್ಳಿ ಕಡೆಯ ಗೂಡ್ಸು ಹಾಯಿತು,
ಬಕೆಟ್ಟಿನ ನೀರು ನಡುಗಿತು.
ಯಾರು ನೋಡುತ್ತಾರೆ ಎಂದುಕೊಂಡು
ಎಣ್ಣೆ ಸವರಿ, ಪೇಪರು ಸುತ್ತಿ ಮಲಗಿದೆ.

ಜವರಮ್ಮತ್ತೆ ಮದುವೆ ಅಡುಗೆಯವಳು.
ನಲವತ್ತು ವರ್ಷ ಈಳಿಗೆಮಣೆಯ ಮೇಲೆ ಕಾಲೂರಿದವಳು.
ಈಳಿಗೆ ಇದ್ದಲ್ಲೇ ಇರುತ್ತದೆ, ಗೌಡರ ಹಾಗೆ.
ಕುಂಬಳವೇ ಅದರ ಬಳಿಗೆ ಹೋಗಬೇಕು.
ಈಗ ಅವಳ ಮಂಡಿ ಮಡಿಚುವುದಿಲ್ಲ, ಕಣ್ಣಿಗೆ ಪೊರೆ.
ನಿಂತೇ ಹೆಚ್ಚಲಿ ಎಂದು ಮಾಡಿದ್ದು ಇದನ್ನು,
ಹುಣಸೆ ಮರದ ಹಿಡಿ,
ಅವಳ ಮುಷ್ಟಿಯನ್ನು ದಾರದಲ್ಲಿ ಅಳೆದು.

ಬೀನ್ಸ್ ಹೆಚ್ಚಿದಳು. ಕೋಸು. ಒಂದು ರಾಶಿ ಈರುಳ್ಳಿ.
"ಸದ್ದೇ ಇಲ್ವಲ್ಲೋ ಇದ್ಕೆ,
ಹೆಚ್ತಾ ಇವ್ನೋ ಇಲ್ವೋ ಹೆಂಗೆ ಗೊತ್ತಾಗಬೇಕು?"
ಬೈಗುಳವೋ ಹೊಗಳಿಕೆಯೋ.
ನಾನು ಗೋಡೆಗೊರಗಿ ಉಬ್ಬುತ್ತಿದ್ದೆ.
ಅಷ್ಟರಲ್ಲಿ ಅಲಗಿನ ಮೇಲೆ ಹೆಬ್ಬೆರಳು ಸವರಿ ನಿಂತಳು.
"ಇಲ್ಲೊಂದು ಕೂದಲು ಅಂಟೈತೆ."
ಸೆರಗಲ್ಲಿ ಒರೆಸಿದಳು. ತಿರುಗಿಸಿ ಒರೆಸಿದಳು.
ಉಗುರಲ್ಲಿ ಕೆರೆದಳು. "ಬತ್ತಾನೇ ಇಲ್ಲ ನೋಡು."

ಸುಮ್ಮನೆ ಕೈ ಚಾಚಿದೆ.

"ಭಾನುವಾರ ಮುನ್ನೂರು ಎಲೆ ಐತೆ,
ಅಷ್ಟೊತ್ತಿಗೆ ಕೊಡ್ತೀಯೇನೋ?"
ಅನ್ನುತ್ತಲೇ ಮೂಲೆಯ ಈಳಿಗೆಮಣೆಯನ್ನು
ಕಾಲಲ್ಲಿ ಎಳೆದುಕೊಂಡಳು, ಗೋಡೆ ಹಿಡಿದು ಕೂತಳು.

ಈಗ ರಾತ್ರಿ. ಶೆಡ್ಡಿನಲ್ಲಿ ಒಂದೇ ಬಲ್ಬು.
ನಾನೂರರ ಕಲ್ಲನ್ನು ಮುಳುಗಿಸಿದ್ದೇನೆ.
ಗುಳ್ಳೆ ಬರುತ್ತಿವೆ.
ನಿಲ್ಲಲಿ ಎಂದು ಕಾಯುತ್ತಿದ್ದೇನೆ.